ಹಿಂದಿನ ಸೀಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಒಬ್ಬರು ಗುರುಗಳು, ಒಂದು ಬೇವಿನ ಮರ, ಒಂದು ಹಳೆಯ ಬಿಳಿ ಕಾರು.

ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜ ಎಂದು ಕರೆಯುತ್ತಿದ್ದರು. ಕಾರನ್ನು ಮುದುಕಿ ಎಂದು ಕರೆಯುತ್ತಿದ್ದರು. ಇಬ್ಬರಿಗೂ ವಯಸ್ಸಾಗಿತ್ತು. ಇಬ್ಬರೂ ತಮಗೆ ಮನಸ್ಸು ಬಂದಾಗಲೇ ಎದ್ದು ಹೊರಡುವವರು.

ಕಾರು ಓಡಿಸುವವನು ಅಡಿವೆಪ್ಪ. ಇಪ್ಪತ್ತೆರಡು ವರ್ಷದ ಹಿಂದೆ ಶಿಷ್ಯನಾಗಲು ಬಂದು ಮಂತ್ರ ಕೇಳಿದ್ದ. ಅಜ್ಜ ಕಾರಿನ ಚಾವಿ ಕೊಟ್ಟಿದ್ದರು. ಅಂದಿನಿಂದ ಅಡಿವೆಪ್ಪ ಮುಂದೆ, ಅಜ್ಜ ಹಿಂದಿನ ಸೀಟಿನಲ್ಲಿ.

ಅಜ್ಜನಿಗೆ ಟೊಂಕ ನೋವು. ಹರೆಯದಲ್ಲಿ ಹುಣಸೆ ಮರದಿಂದ ಬಿದ್ದು ನಡು ಮುರಿದುಕೊಂಡಿದ್ದರು. ಕಾರು ತುಸು ಕುಲುಕಿದರೂ ಜೀವ ಹೋದಂತಾಗುತ್ತಿತ್ತು. ಹಾಗಾಗಿ ದಾರಿಗೆ ಅಡ್ಡ ಉಬ್ಬಿಸಿದ ಹಂಪು ಕಂಡರೆ ಅಡಿವೆಪ್ಪ ದೂರದಿಂದಲೇ ನಿಧಾನ ಮಾಡಿ ಹೇಳುತ್ತಿದ್ದ:

"ಅಜ್ಜಾರ, ಹಂಪ್ ಬಂತ್ರಿ."

ಹಿಂದಿನಿಂದ ಅಜ್ಜ "ಹೂಂ" ಎನ್ನುತ್ತಿದ್ದರು. ಆಮೇಲೆ ಕಾರು ಇರುವೆಯ ಹಾಗೆ ಹತ್ತಿ ಇಳಿಯುತ್ತಿತ್ತು.

ಒಂದು ಮಳೆಗಾಲ ಅಜ್ಜ ಹಾಸಿಗೆ ಹಿಡಿದರು. ತಿಂಗಳು ಪೂರ್ತಿ ಗಂಜಿ ಕುಡಿದು ಎದ್ದರು. ಎದ್ದ ದಿನ ಅಡಿವೆಪ್ಪ ಅವರ ಕಾಲ ಬಳಿ ಕೂತ.

"ಅಜ್ಜಾರ, ನೀವು ಹೋದ ಮ್ಯಾಲ ನಾ ಹ್ಯಾಂಗ ಇರ್ಲಿ?"

"ಎಲ್ಲಿಗೆ ಹೋದ ಮ್ಯಾಲ?"

"ಚ್ಯಾಷ್ಟಿ ಬ್ಯಾಡ್ರಿ. ಈ ಸಲ ಭಾಳ ಹೆದರಿದ್ದೆ. ನೀವಿಲ್ಲಂದ್ರ ನನಗ ಏನೂ ತಿಳಿಯೂದಿಲ್ಲ."

ಅಜ್ಜ ಗೂಟಕ್ಕೆ ತೂಗುಹಾಕಿದ್ದ ಚಾವಿ ತೆಗೆದು ಅವನ ಕೈಯಲ್ಲಿಟ್ಟರು.

"ಮುದುಕೀನ ತಗೊಂಡು ಕನ್ಯಾಕುಮಾರಿಗೆ ಹೋಗು. ನೆಲ ಮುಗೀತು ಅಂದ ಮ್ಯಾಲ ಹೊಳ್ಳಿ ಬಾ."

"ಯಾರ ಜೋಡಿ ಹೋಗ್ಲಿರಿ?"

"ಒಬ್ಬನ ಹೋಗು."

"ಅಲ್ಲಿಂದ ಏನ್ ತರ್ಲಿ?"

"ಏನೂ ಬ್ಯಾಡ. ನಾ ಇಲ್ಲದ ಹ್ಯಾಂಗ ಇದ್ದಿ ಅಂತ ಬಂದು ಹೇಳು. ಫೋನ್ ಇಲ್ಲೇ ಇಟ್ಟು ಹೋಗು."

ಅಡಿವೆಪ್ಪ ಚಾವಿ ಹಿಡಿದು ಎದ್ದ. ಇದು ಪರೀಕ್ಷೆ ಎಂದುಕೊಂಡ. ಒಬ್ಬನೇ ಇರಲು ಬಂದರೆ ಪಾಸು, ಬಾರದಿದ್ದರೆ ಇಪ್ಪತ್ತೆರಡು ವರ್ಷ ದಂಡ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ತಾನು ಬರುವಷ್ಟರಲ್ಲಿ ಅಜ್ಜ ಇರುತ್ತಾರೋ ಇಲ್ಲವೋ. ಅದನ್ನು ಬಾಯಿಬಿಟ್ಟು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊರಟ. ಮುದುಕಿಗೆಂದು ಎರಡು ಕೊಡ ನೀರು, ತನಗೆಂದು ಒಂದು ಗಂಟು ರೊಟ್ಟಿ.

ಊರು ದಾಟುವ ಮೊದಲೇ ಶಾಲೆಯ ಮುಂದೆ ಒಂದು ಹಂಪು.

"ಅಜ್ಜಾರ, ಹಂಪ್ ಬಂತ್ರಿ."

"ಹೂಂ" ಬರಲಿಲ್ಲ. ಕನ್ನಡಿಯಲ್ಲಿ ನೋಡಿದ. ಸೀಟು ಖಾಲಿ.

ಅಡಿವೆಪ್ಪ ನಾಲಗೆ ಕಚ್ಚಿಕೊಂಡ. ಇನ್ನೂ ಊರ ಗಡಿ ದಾಟಿಲ್ಲ, ಆಗಲೇ ಎಡವಿದ್ದ.

ಮುಂದಿನ ಹಂಪಿಗೂ ಹೇಳಿದ. ಅದರ ಮುಂದಿನದಕ್ಕೂ ಹೇಳಿದ. ಬಾಯಿ ಬಿಗಿಹಿಡಿದರೂ ಮಾತು ಹೇಗೋ ಹೊರಬೀಳುತ್ತಿತ್ತು. ಹಿಂದೆ ಬರುತ್ತಿದ್ದ ಲಾರಿಯವರು ಹಾರ್ನ್ ಹೊಡೆದು, ಬೈದು, ಮುಂದೆ ಹೋದರು.

ಎರಡನೇ ದಿನ ಚಿತ್ರದುರ್ಗದ ಆಚೆ ಒಂದು ಚಹಾ ಅಂಗಡಿ. ಅಂಗಡಿಯ ಎದುರಿಗೇ ಹಂಪು. ಚಹಾ ಕೊಡುತ್ತ ಅಂಗಡಿಯ ಹೆಂಗಸು ಕೇಳಿದಳು:

"ಕಾರಲ್ಲಿರೋ ಅಜ್ಜಾರಿಗೂ ಒಂದು ಟೀ ಕೊಡ್ಲಾ ಅಣ್ಣ?"

"ಕಾರಿನಾಗ ಯಾರೂ ಇಲ್ಲವ್ವಾ."

"ಮತ್ತೆ ಈಗ ಅವರ ಹತ್ರ ಮಾತಾಡಿದ್ರಲ್ಲ?"

ಅಡಿವೆಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಂದ.

ಇನ್ನು ಸಾಕು ಎನಿಸಿತು ಅವನಿಗೆ. ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿದ. ಮುಂದಿನ ಹಂಪು ಬಂದಾಗ ಬ್ರೇಕ್ ಮುಟ್ಟಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ.

ಮುದುಕಿ ಧಡಾರನೆ ಹಾರಿಬಿದ್ದಳು. ಡಿಕ್ಕಿಯೊಳಗಿನ ಕೊಡಗಳು ಉರುಳಿದವು.

"ಅಯ್ಯಯ್ಯೋ, ಅಜ್ಜಾರ!"

ಕಾರನ್ನು ಬದಿಗೆ ನಿಲ್ಲಿಸಿದವನೇ ಓಡಿಹೋಗಿ ಹಿಂದಿನ ಬಾಗಿಲು ತೆಗೆದ. ಅಲ್ಲಿ ಯಾರಿದ್ದಾರೆ? ಅಜ್ಜ ಬೆನ್ನಿಗೆ ಒತ್ತಿಟ್ಟುಕೊಳ್ಳುತ್ತಿದ್ದ ಸಣ್ಣ ದಿಂಬು ಕೆಳಗೆ ಬಿದ್ದಿತ್ತು, ಅಷ್ಟೇ.

ದಿಂಬನ್ನು ಎತ್ತಿ, ಧೂಳು ಜಾಡಿಸಿ, ಸೀಟಿನ ಮೇಲೆ ಅದರ ಜಾಗದಲ್ಲಿಟ್ಟ. ಆಮೇಲೆ ರಸ್ತೆಯ ಬದಿಗೆ ಕೂತು ಅತ್ತುಬಿಟ್ಟ. ಒಬ್ಬನೇ ಇರುವುದು ತನ್ನಿಂದಾಗದು ಎಂದು ಅವನಿಗೆ ಖಾತ್ರಿಯಾಗಿತ್ತು. ಹಾಗೆಂದು ಹಿಂದಿರುಗುವಂತೆಯೂ ಇರಲಿಲ್ಲ. ನೆಲ ಮುಗಿಯುವ ತನಕ ಎಂದಿದ್ದರು ಅಜ್ಜ.

ಕಣ್ಣೊರೆಸಿಕೊಂಡು ಎದ್ದ. ಕನ್ನಡಿಯನ್ನು ಮೊದಲಿನಂತೆ ಸರಿಮಾಡಿದ.

ಅಲ್ಲಿಂದ ಮುಂದೆ ಹಟ ಬಿಟ್ಟ. ಹಂಪು ಬಂದರೆ ನಿಧಾನ ಮಾಡಿದ, ಹೇಳುವುದನ್ನು ಹೇಳಿದ. ಭಾಷೆ ಬೇರೆಯಾಯಿತು, ಬೋರ್ಡಿನ ಅಕ್ಷರ ಬೇರೆಯಾಯಿತು, ಹಂಪು ಮಾತ್ರ ಎಲ್ಲ ಕಡೆ ಒಂದೇ ಆಗಿತ್ತು. ಕಡೆಗೆ ಎದುರಿಗೆ ಬರೀ ಸಮುದ್ರ ಕಂಡಿತು.

"ಅಜ್ಜಾರ, ನೆಲ ಮುಗೀತ್ರಿ" ಎಂದು ಹೇಳಿ ಕಾರು ಹೊಳ್ಳಿಸಿದ.

ಹನ್ನೆರಡನೇ ದಿನ ಮಧ್ಯಾಹ್ನ ಆಶ್ರಮ ಮುಟ್ಟಿದ. ಬೇವಿನ ಮರದ ಕೆಳಗಿನ ಕಟ್ಟೆ ಖಾಲಿ. ಒಳಗೆ ಹಾಸಿಗೆ ಸುತ್ತಿಟ್ಟಿತ್ತು. ಗೂಟದ ಮೇಲೆ ಅಜ್ಜನ ಶಾಲೂ ಇರಲಿಲ್ಲ.

ಅಡಿವೆಪ್ಪ ಹೊರಗೆ ಓಡಿದ.

"ಅಜ್ಜಾರ! ಅಜ್ಜಾರ!"

"ಇಲ್ಲೇ ಅದೀನಲ್ಲೋ. ಊರಿಗೆಲ್ಲಾ ಕೇಳೂ ಹಂಗ ಯಾಕ ಒದರ್ತಿ?"

ದನಿ ಹೊಳೆಯ ಕಡೆಯಿಂದ ಬಂತು. ಅಜ್ಜ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು. ಕಾಲು ನೀರಿನಲ್ಲಿ ಬಿಟ್ಟುಕೊಂಡು ಹುರಿದ ಶೇಂಗಾ ಸುಲಿಯುತ್ತಿದ್ದರು.

ಅಡಿವೆಪ್ಪನಿಗೆ ಹೋದ ಜೀವ ಬಂದಂತಾಯಿತು. ಹನ್ನೆರಡು ದಿನ ಎದೆಯ ಮೇಲೆ ಹೊತ್ತು ತಿರುಗಿದ ಭಾರ ಒಮ್ಮೆಲೇ ಇಳಿಯಿತು. ಅವರ ಪಕ್ಕದಲ್ಲಿ ಕುಸಿದು ಕೂತು ನಕ್ಕ, ನಗುನಗುತ್ತಲೇ ಕಣ್ಣೊರೆಸಿಕೊಂಡ. ಪರೀಕ್ಷೆ ಏನಾದರೂ ಆಗಲಿ, ಅಜ್ಜ ಇದ್ದರಲ್ಲ!

ಅಜ್ಜ ಒಂದು ಹಿಡಿ ಶೇಂಗಾ ಕೊಟ್ಟರು.

"ಹೇಳು. ನಾ ಇಲ್ಲದ ಹ್ಯಾಂಗ ಇದ್ದಿ?"

"ನಪಾಸ್ ಆದೆರಿ ಅಜ್ಜಾರ."

"ಹಾದಿ ತಪ್ಪಿದೇನು?"

"ಇಲ್ರಿ. ಮಂದೀನ ಕೇಳಿಕೋತ ಹೋದೆ."

"ಮುದುಕಿ ಕೈ ಕೊಟ್ಟಳೇನು?"

"ಏರಿನಾಗ ಎರಡ ಸಲ ಕುದ್ದಳ್ರಿ. ನೆರಳಿಗೆ ನಿಲ್ಲಿಸಿ, ತಣ್ಣಗಾದ ಮ್ಯಾಲ ನೀರ ಕುಡಿಸಿದೆ."

"ಮತ್ತ ಯಾತರಾಗ ನಪಾಸ್ ಆದಿ?"

"ಹಂಪಿನಾಗ್ರಿ."

ಅಜ್ಜ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.

"ಸೀಟ್ ಖಾಲಿ ಐತಿ ಅಂತ ಗೊತ್ತಿತ್ರಿ. ಆದ್ರೂ ಒಂದೊಂದು ಹಂಪಿಗೂ ನಿಧಾನ ಮಾಡಿದೆ, ನಿಮಗ ಹೇಳಿದೆ. ಒಂದ ಒಂದು ಹಂಪ್ ಹಟಕ್ಕ ಬಿದ್ದು ಜೋರ್ ಹಾರಿಸಿದೆ. ಅದಕ್ಕೂ ಇಳದು ಬಾಗಿಲಾ ತಗದು ನಿಮ್ಮನ್ನ ನೋಡಿದೆ. ನೀವಿಲ್ಲದ ನನಗ ಒಂದ ದಿನಾನೂ ಇರಾಕ ಆಗ್ಲಿಲ್ರಿ."

ಅಜ್ಜ ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯನ್ನು ಹೊಳೆಗೆ ಬಿಟ್ಟು, ಅದು ತೇಲಿಹೋಗುವುದನ್ನು ನೋಡಿದರು. ಅಡಿವೆಪ್ಪ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

ಕಡೆಗೆ ಅಜ್ಜ ಅವನ ಹೆಗಲು ಹಿಡಿದು ಎದ್ದರು. ಇನ್ನೊಂದು ಕೈಯನ್ನು ಟೊಂಕದ ಮೇಲಿಟ್ಟುಕೊಂಡರು.

"ಆ ಒಂದು ಹಂಪಿಗೆ ಟೊಂಕ ಚಳಕ್ ಅಂತು ನೋಡಪಾ. ಉಳಿದ ಹಾದಿ ಎಲ್ಲಾ ನಾ ಆರಾಮ ಕುಂತಿದ್ದೆ."