ಹಂಪವ್ವನ ಗೋಡೆ

ಹೊಳೆಯ ಈಚೆ ದಂಡೆಯಲ್ಲಿ ಅಜ್ಜಾರ ಮಠ. ಆಚೆ ದಂಡೆಯಲ್ಲಿ ಹಂಪವ್ವನ ಮನೆ. ನಡುವೆ ಹರಿಗೋಲು ನಡೆಸುತ್ತಿದ್ದವಳು ಅವಳೇ. ಅಜ್ಜಾರ ಶಿಷ್ಯೆ ಹೌದು, ಆದರೆ ಅವಳ ಬಾಯಿ ಮಾತ್ರ ಯಾರ ಶಿಷ್ಯೆಯೂ ಅಲ್ಲ.

ಒಮ್ಮೆ ದಂಡೆಯ ಪಾಚಿಗಲ್ಲ ಮೇಲೆ ಜಾರಿ ಬಿದ್ದಳು. ಬಲಭುಜದ ಕೀಲು ತಪ್ಪಿತು. ಕೀಲು ಕೂಡಿಸುವುದರಲ್ಲಿ ಹೆಸರಾಗಿದ್ದ ಮಠದ ಅಜ್ಜಾರೇ ಅದನ್ನು ಕೂಡಿಸಿದರು. ಊತ ಇಳಿಯಿತು, ಕೈ ಮಾತ್ರ ಎದೆಮಟ್ಟಕ್ಕಿಂತ ಮೇಲೇಳಲಿಲ್ಲ.

ಹರಿಗೋಲಿನ ಹುಟ್ಟು ಈಗ ಮೈದುನ ಕೆಂಚಪ್ಪನ ಕೈಗೆ ಹೋಗಿತ್ತು. ಹೊಳೆ ತುಂಬುವುದರೊಳಗೆ ಅವಳ ಕೈ ನೆಟ್ಟಗಾಗದಿದ್ದರೆ ಹರಿಗೋಲು ಅವನಿಗೇ ಎಂದು ಊರ ಹಿರಿಯರು ಹೇಳಿಬಿಟ್ಟಿದ್ದರು.

ಪ್ರತಿ ಸೋಮವಾರ ಅವಳು ಮಠಕ್ಕೆ ಬರುವಳು. ಅಜ್ಜಾರು ಕೈ ಹಿಡಿದು ಮೆಲ್ಲಗೆ ಎತ್ತುವರು. ಆಗ ಅದು ಕಿವಿಯವರೆಗೂ ಹೋಗುವುದು.

"ಮನ್ಯಾಗ ದಿನಾ ಗೋಡಿ ಮ್ಯಾಲೆ ಬೆರಳು ಹತ್ತಸು," ಎನ್ನುವರು. "ಇವತ್ತು ಮುಟ್ಟಿದ್ದಕ್ಕಿಂತ ನಾಳೆ ಒಂದೀಟು ಮ್ಯಾಲೆ."

ಗೋಡೆಗೆ ನಿಂತ ಮೊದಲ ದಿನವೇ ನೋವಿಗೆ ಕಣ್ಣಲ್ಲಿ ನೀರು ಬಂತು. ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಸೋಮವಾರದ ದಾರಿ ಕಾದಳು. ಅಷ್ಟರಲ್ಲಿ ಕೈ ಮತ್ತೆ ಎದೆಮಟ್ಟಕ್ಕೇ ಇಳಿದಿತ್ತು.

"ಮನ್ಯಾಗ ಮಾಡಿಯೇನು?"

"ನಿಮ್ಮ ಕೈಗುಣ ಇರುವಾಗ ನಾ ಯಾಕ ಮಾಡ್ಲಿ, ಅಜ್ಜಾರ? ನೀವು ಮುಟ್ಟಿದ್ರ ಸಾಕು, ಏಳತೈತಿ."

ಕೈಗುಣ ಎಂದರೆ ಮುಗಿಯಿತು, ನಮ್ಮವರಿಗೆ ಔಷಧವೂ ಬೇಡ.

ಅಜ್ಜಾರು ಎದ್ದು ಹೋಗಿ ಅವಳ ಜೊತೆ ಹರಿಗೋಲಿನಲ್ಲಿ ಕೂತರು. ಕೆಂಚಪ್ಪ ಹುಟ್ಟು ಹಾಕಿದ. ನಡುಹೊಳೆಗೆ ಬಂದಾಗ ಅಜ್ಜಾರು ಹುಟ್ಟು ಇಸಿದುಕೊಂಡರು. ಅದಕ್ಕೆ ವಿಭೂತಿ ಹಚ್ಚಿ, ಒಮ್ಮೆ ನೇವರಿಸಿ, ಕಾಲ ಬಳಿ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಹರಿಗೋಲು ಗಿರಗಿರ ತಿರುಗತೊಡಗಿತು. ತಿರುಗುತ್ತಲೇ ಕೆಳಗಿನ ಬಂಡೆಗಳ ಕಡೆ ಸಾಗಿತು. ಕೆಂಚಪ್ಪ ಎರಡೂ ಕೈಯಲ್ಲಿ ಹರಿಗೋಲಿನ ಅಂಚು ಹಿಡಿದುಕೊಂಡ.

ಹಂಪವ್ವನಿಗೆ ಸಿಟ್ಟು ನೆತ್ತಿಗೇರಿತು. "ಹುಟ್ಟು ಕೊಡ್ರಿ, ಅಜ್ಜಾರ."

"ನಾ ಮುಟ್ಟೀನಲ್ಲ. ದಂಡಿ ಸೇರತೈತಿ ಬಿಡು."

"ಹೊಳಿಗೆ ನಿಮ್ಮ ಕೈಗುಣ ಏನು ಗೊತ್ತು? ಒಮ್ಮೆ ಮುಟ್ಟಿ ಕೂತ್ರ ಆತೇನು? ದಂಡಿ ಬರೋತನಕ ಯಾರರ ಹುಟ್ಟು ಹಾಕಬೇಕಲ್ಲ."

ಅಂದವಳ ಎಡಗೈ ತಾನಾಗಿಯೇ ಬಲಭುಜಕ್ಕೆ ಹೋಯಿತು.

ಅಜ್ಜಾರು ಹುಟ್ಟನ್ನು ಕೆಂಚಪ್ಪನಿಗೆ ಕೊಟ್ಟರು. ಅವತ್ತು ಅವಳ ಭುಜ ಮುಟ್ಟಲಿಲ್ಲ.

ಆಮೇಲೆ ಹಂಪವ್ವ ಮಠದ ಕಡೆ ಹಾಯಲೇ ಇಲ್ಲ. ಅಜ್ಜಾರ ಮೇಲೆ ಸಿಟ್ಟು, ಮೈದುನನ ಮೇಲೆ ಸಿಟ್ಟು, ಭುಜದ ಮೇಲಂತೂ ಹೇಳತೀರದ ಸಿಟ್ಟು. ಬೆಳಿಗ್ಗೆ ಒಲೆ ಹಚ್ಚಿ ಗೋಡೆಗೆ ನಿಲ್ಲುವಳು, ಸಂಜೆ ಒಲೆ ಆರಿಸಿ ಮತ್ತೆ ನಿಲ್ಲುವಳು. "ನಿನ್ನ ಸೊಕ್ಕು ಮುರೀತೀನಿ, ತಡಿ," ಎಂದು ಭುಜಕ್ಕೇ ಬೈಯುವಳು. ಬೆರಳಿನ ಮಸಿ ದಿನದಿನಕ್ಕೂ ಗೋಡೆ ಹತ್ತುತ್ತ ಹೋಯಿತು.

"ಯಾಕಿಷ್ಟು ಒದ್ದಾಡ್ತಿ, ಅತ್ತಿಗಿ? ಹರಿಗೋಲಿಗೆ ನಾ ಇದ್ದೀನಲ್ಲ," ಎಂದ ಕೆಂಚಪ್ಪ.

"ಕೈ ನಂದು, ಗೋಡಿ ನಂದು. ನಿನಗೇನು ತ್ರಾಸು?"

ಹೊಳೆಗೆ ಮಳೆಗಾಲದ ಮೊದಲ ಕೆಂಪು ನೀರು ಬಂದ ಹೊತ್ತು, ಹೊಳೆ ಇನ್ನೂ ತುಂಬಿರಲಿಲ್ಲ. ಒಂದು ಸೋಮವಾರ ಮಠದ ಮೆಟ್ಟಿಲಿಗೆ ಹರಿಗೋಲು ಬಂದು ತಾಗಿತು. ಹುಟ್ಟು ಹಂಪವ್ವನ ಕೈಯಲ್ಲಿತ್ತು. ಕೆಂಚಪ್ಪ ನೆಂಟರ ಹಾಗೆ ಕೈಕಟ್ಟಿ ಕೂತಿದ್ದ.

ದಂಡೆಯಲ್ಲಿದ್ದ ಭಕ್ತರು ಕೈಮುಗಿದರು. "ಎಲ್ಲಾ ಅಜ್ಜಾರ ಕೈಗುಣ."

"ಅಲ್ಲ." ಹಂಪವ್ವ ಬಲಗೈಯನ್ನು ನೆತ್ತಿಯ ಮೇಲಕ್ಕೆತ್ತಿ ತೋರಿಸಿದಳು. "ಇದು ನನ್ನ ಗೋಡಿ ಕೊಟ್ಟಿದ್ದು. ಅಜ್ಜಾರು ಬೇಕಾದ್ರ ಸಿಟ್ಟಾಗ್ಲಿ."

ಭಕ್ತರು ಅಜ್ಜಾರ ಮುಖ ನೋಡಿದರು. ಅಜ್ಜಾರು ಒಂದೊಂದೇ ಮೆಟ್ಟಿಲಿಳಿದು ಹರಿಗೋಲಿನಲ್ಲಿ ಕೂತರು.

"ನಡಿ ಹಂಪವ್ವ, ಹುಟ್ಟು ಹಾಕು. ಆ ಗೋಡಿಗೆ ನಾನೂ ಒಮ್ಮೆ ಕೈ ಮುಗೀಬೇಕು."