ನೋಡದೆ ಬರೆಯಬೇಕಾದ ಪತ್ರ

ಪ್ರೊಫೆಸರ್ ನಂಜರಾಜಯ್ಯನವರಿಗೆ ಸಹಿ ಹಾಕುವುದೆಂದರೆ ಇಷ್ಟ, ಬರೆಯುವುದೆಂದರೆ ಸೋಮಾರಿತನ. ಶಿಫಾರಸು ಪತ್ರ ಬೇಕಾದ ಶಿಷ್ಯರು ತಾವೇ ಬರೆದು ತರಬೇಕು. ಇಪ್ಪತ್ತು ವರ್ಷದಿಂದ ಅದೇ ಪದ್ಧತಿ.

ಈ ಸಲ ತಬಸ್ಸುಮ್ ಬಂದಳು. ವಿದೇಶದಲ್ಲಿ ಎಂ.ಎಸ್ಸಿ. ಸೀಟಿಗೆ ಅರ್ಜಿ, ಸಂಜೆ ಐದಕ್ಕೆ ಗಡುವು. ಅರ್ಜಿಯಲ್ಲೊಂದು ಕಾಲಂ ಇತ್ತು: ‘ಗುರುಗಳ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ.’

“ಮೊದಲು ಅದಕ್ಕೆ ರುಜು ಹಾಕು. ನನ್ನ ಪತ್ರ ಗುಟ್ಟಿನದು. ಒಂದಕ್ಷರ ನೋಡಿದರೂ ಪತ್ರ ವಾಪಸ್,” ಎಂದರು ಪ್ರೊಫೆಸರ್.

ಹಾಕಿದಳು.

“ಸರಿ, ಈಗ ಹೋಗಿ ಪತ್ರ ಬರ್ಕೊಂಡು ಬಾ.”

ಬರೆದರೆ ರುಜು ಸುಳ್ಳು, ಬರೆಯದಿದ್ದರೆ ಸೀಟು ಇಲ್ಲ. ಹೊರಗೆ ಬಂದು ಅಳುತ್ತ ನಿಂತಳು.

ಅಟೆಂಡರ್ ಪುಟ್ಟಗೌರಮ್ಮ ಕಾಫಿ ಲೋಟ ಕೆಳಗಿಟ್ಟಳು. “ಯಾಕವ್ವಾ ಅಳ್ತೀಯ? ಸಾಹೇಬ್ರು ಹೇಳಿದಂಗೇ ಮಾಡಾಣ” ಎಂದು ಅವಳ ದುಪಟ್ಟಾದಿಂದಲೇ ಅವಳ ಕಣ್ಣು ಕಟ್ಟಿದಳು. ಸಾಹೇಬರ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ ಕೈಗೆ ಹಾಳೆ, ಪೆನ್ನು ಕೊಟ್ಟಳು.

ಪ್ರಿನ್ಸಿಪಾಲರು ಆ ಕಡೆ ಬಂದರು. “ಇದೇನು ಗೌರಮ್ಮ, ಕಣ್ಣಾಮುಚ್ಚಾಲೆ?”

“ಇಲ್ಲ ಸಾರ್. ನಮ್ಮ ಸಾಹೇಬ್ರು ಇವಳ ಬಗ್ಗೆ ಗುಟ್ಟಿನ ಪತ್ರನ ಇವಳ ಕೈಲೇ ಬರೆಸ್ತಾವ್ರೆ. ಇವಳು ನೋಡಬಾರದಂತೆ.”

ಒಳಗೆ ಕುರ್ಚಿ ಕಿರ್ರೆಂದಿತು. ನಂಜರಾಜಯ್ಯನವರು ಓಡಿ ಬಂದು ಹಾಳೆ ಕಿತ್ತುಕೊಂಡರು. “ತಮಾಷೆಗೆ ಹೇಳಿದ್ದು ಸಾರ್. ನಾನೇ ಬರೀತೀನಿ.”

ಬಾಗಿಲು ಹಾಕಿಕೊಂಡು ಬರೆದರು. ನಡುವೆ ಒಮ್ಮೆ ತಲೆ ಹೊರಹಾಕಿ, “ಗೌರಮ್ಮ, ಆ ಹುಡುಗಿ ಹೆಸರೇನು?” ಎಂದು ಪಿಸುಗುಟ್ಟಿದರು. ನಾಲ್ಕೂವರೆಗೆ ಪತ್ರ ಹೋಯಿತು.

ಮರುದಿನ ಇನ್ನೂ ಮೂವರು ಪತ್ರ ಕೇಳಲು ಬಂದರು. ಕೈಯಲ್ಲಿ ಒಂದೊಂದು ಕರವಸ್ತ್ರ ಹಿಡಿದು ಬೆಂಚಿನ ಮೇಲೆ ಕೂತರು, ಅಷ್ಟೆ. ಪ್ರೊಫೆಸರ್ ತಾವೇ ಪೆನ್ನು ತೆಗೆದರು.