ಹೊಸ ಗರಗಸದ ಮೊದಲ ಕೊಯ್ತ

“ಗುರುಗಳೇ, ಹೊರಗೆ ಜನ ನರಳುತ್ತಿರುವಾಗ ನಾವು ಒಳಗೆ ಕುಳಿತು ಕಲಿಯುತ್ತಿರುವುದು ನಿರ್ದಯೆಯಲ್ಲವೇ?”

ಕೇಳಿದವನು ನಿಜಗುಣ. ಮಠದ ಆಸ್ಪತ್ರೆಯಲ್ಲಿ ಮುರಿದ ಮೂಳೆ ಕೂಡಿಸಿ ಕಟ್ಟುವ ವಿದ್ಯೆ ಕಲಿಯಲು ಬಂದವನು. ಬಂದು ಬಹಳ ಕಾಲವಾಗಿದ್ದರೂ ಗುರುಗಳು ಅವನ ಕೈಗೆ ಒಬ್ಬ ರೋಗಿಯನ್ನೂ ಒಪ್ಪಿಸಿರಲಿಲ್ಲ. ಆ ಬೆಳಿಗ್ಗೆ ಜಗಲಿಯ ಮೇಲೆ ಒಬ್ಬ ಮುದುಕಿ ನೋವಿನಿಂದ ಕೂಗಿದ್ದನ್ನು ಕೇಳಿ ಅವನಿಗೆ ಸುಮ್ಮನಿರಲಾಗಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

ಒಬ್ಬ ಮರ ಕೊಯ್ಯುವವನಿದ್ದ. ತಂದೆ ತಾಯಿ ತೀರಿಕೊಂಡ ಮೇಲೆ ಅವನನ್ನು ಅಕ್ಕನೇ ಸಾಕಿದ್ದಳು. ಹೆದ್ದಾರಿಯ ಪಕ್ಕ, ಒಂದು ಹುಣಸೆಮರದ ಕೆಳಗೆ ಅವಳದೊಂದು ಚಹಾದಂಗಡಿ. ಅವನು ವರ್ಷಗಟ್ಟಲೆ ಕೈಗರಗಸದಲ್ಲಿ ದುಡಿದು, ಕಡೆಗೊಮ್ಮೆ ಪೇಟೆಯಿಂದ ಯಂತ್ರದ ಗರಗಸ ತಂದ. ಅದನ್ನು ಜೋಡಿಸುವ ಬಗೆ, ಮೊದಮೊದಲು ಓಡಿಸುವ ಬಗೆ, ಎಲ್ಲವನ್ನೂ ಮಾರುವವನಿಂದ ಕೇಳಿ ತಿಳಿದುಕೊಂಡೇ ಬಂದಿದ್ದ. ಪೆಟ್ಟಿಗೆಯನ್ನು ಮೊದಲು ಅಕ್ಕನಿಗೆ ತೋರಿಸಿದ. ಅವಳು ಅದಕ್ಕೆ ಕುಂಕುಮ ಹಚ್ಚಿ, “ಜೋಪಾನವಾಗಿ ದುಡಿ” ಎಂದಳು. ಅವನು ಪೆಟ್ಟಿಗೆಯನ್ನು ಬಿಚ್ಚದೆ ಮನೆಗೆ ಒಯ್ದ.

ಅದೇ ಸಂಜೆ ಬಿರುಗಾಳಿ ಎದ್ದಿತು. ಹುಣಸೆಮರ ಬುಡಸಮೇತ ಅಂಗಡಿಯ ಮೇಲೆ ಉರುಳಿತು. ಗಿರಾಕಿಗಳು ಹೇಗೋ ಹೊರಗೆ ಹಾರಿಕೊಂಡರು. ಒಲೆಯ ಮುಂದಿದ್ದ ಅಕ್ಕನಿಗೆ ಆಗಲಿಲ್ಲ. ದಪ್ಪ ಕೊಂಬೆಯೊಂದು ಅವಳ ಕಾಲನ್ನು ನೆಲಕ್ಕೆ ಅದುಮಿ ಹಿಡಿಯಿತು.

ಒಬ್ಬ ರೈತ ಕೊಡಲಿ ತಂದು ಕೊಂಬೆಗೆ ಒಂದು ಏಟು ಹಾಕಿದ. ಮರವೆಲ್ಲ ಅದುರಿತು. ಅಕ್ಕ ಚೀರಿದಳು. ರೈತ ಕೊಡಲಿಯನ್ನು ಕೆಳಗೆ ಹಾಕಿಬಿಟ್ಟ. ಮರ ಎತ್ತುವ ಯಂತ್ರ ಪೇಟೆಯಿಂದ ಬರಬೇಕು. ಪೇಟೆಯ ರಸ್ತೆಯ ಉದ್ದಕ್ಕೂ ಮರಗಳು ಬಿದ್ದಿದ್ದವು.

ಅಷ್ಟರಲ್ಲಿ ಪೆಟ್ಟಿಗೆ ಹೊತ್ತು ತಮ್ಮ ಓಡಿಬಂದ. ಜನ ದಾರಿ ಬಿಟ್ಟರು. ಅವನು ಬಗ್ಗಿ ಅಕ್ಕನ ಮುಖ ನೋಡಿದ. ಕೊಂಬೆ ಎಲ್ಲಿ ಒತ್ತಿದೆ ಎಂದು ನೋಡಿದ. ಅದು ಇನ್ನಷ್ಟು ಕುಸಿಯದಂತೆ ಕೆಳಗೆ ಕಲ್ಲುಗಳನ್ನು ಇಡಲು ರೈತನಿಗೆ ಹೇಳಿದ. ಆಮೇಲೆ ಒಂದಿಷ್ಟು ದೂರ ಸರಿದು, ನೆಲದ ಮೇಲೆ ಕುಳಿತು, ಪೆಟ್ಟಿಗೆ ಬಿಚ್ಚಿದ.

ಸರಪಳಿ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿಯನ್ನು ಯಂತ್ರಕ್ಕೆ ಕೂರಿಸಿದ. ಸರಪಳಿಯ ಹಲ್ಲುಗಳು ಯಾವ ಕಡೆ ಮುಖ ಮಾಡಿವೆ ಎಂದು ನೋಡಿ ಅದನ್ನು ಪಟ್ಟಿಯ ಸುತ್ತ ಹಾಕಿದ. ತಿರುಪು ಬಿಗಿಮಾಡಿದ, ಸರಪಳಿಯನ್ನು ಕೈಯಿಂದ ಎಳೆದು ನೋಡಿದ, ತುಸು ಸಡಿಲಿಸಿದ, ಮತ್ತೆ ಎಳೆದು ನೋಡಿದ. ಯಾರೋ ಬೈಕಿನಿಂದ ಪೆಟ್ರೋಲ್ ಇಳಿಸಿ ತಂದರು. ಅವನು ಅದಕ್ಕೆ ಪೆಟ್ಟಿಗೆಯಲ್ಲಿದ್ದ ಎಣ್ಣೆಯನ್ನು ಅಳತೆಯಂತೆ ಬೆರೆಸಿ, ಕುಲುಕಿ, ಯಂತ್ರಕ್ಕೆ ತುಂಬಿದ. ಸರಪಳಿಗೆಂದು ಬೇರೆ ಎಣ್ಣೆಯನ್ನು ಬೇರೆ ಕಡೆ ತುಂಬಿದ.

ಗುಂಪಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ದಿನವೂ ಆ ಅಂಗಡಿಯಲ್ಲಿ ಚಹಾ ಕುಡಿಯುವವನು. ಅವನಿಗೆ ತಡೆಯಲಾಗಲಿಲ್ಲ.

“ಅಲ್ಲಯ್ಯಾ, ಒಡಹುಟ್ಟಿದವಳು ಅಲ್ಲಿ ಸಾಯುತ್ತಿದ್ದಾಳೆ. ನೀನು ಇಲ್ಲಿ ಎಣ್ಣೆ ಅಳೆಯುತ್ತಾ ಕೂತಿದ್ದೀಯಲ್ಲ!”

“ಇರುವುದು ಒಂದೇ ಯಂತ್ರ, ಸಾಹುಕಾರರೇ. ಇರುವುದು ಒಬ್ಬಳೇ ಅಕ್ಕ. ನಿಮ್ಮ ಶಲ್ಯ ಕೊಡಿ.”

ಯಾಕೆಂದು ತಿಳಿಯದೆ ವ್ಯಾಪಾರಿ ತನ್ನ ಬಿಳಿ ಶಲ್ಯ ಕೊಟ್ಟ. ತಮ್ಮ ಅದನ್ನು ನೆಲದ ಮೇಲೆ ಹಾಸಿ, ಯಂತ್ರ ಚಾಲೂ ಮಾಡಿ, ಪಟ್ಟಿಯ ತುದಿಯನ್ನು ಶಲ್ಯಕ್ಕೆ ತಾಗದಂತೆ ಅದರ ಮೇಲೆ ಹಿಡಿದ. ಬಟ್ಟೆಯ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿತು. ಸರಪಳಿಗೆ ಎಣ್ಣೆ ಮುಟ್ಟುತ್ತಿದೆ ಎಂದು ಖಾತರಿಯಾಯಿತು. ಅವನು ಎದ್ದ.

ಎದ್ದವನು ಅಕ್ಕನ ಮೇಲಿನ ಕೊಂಬೆಯನ್ನು ಮುಟ್ಟಲಿಲ್ಲ. ಅದರ ತುದಿಯ ಸಣ್ಣ ರೆಂಬೆಗಳನ್ನು ನಿಧಾನ ವೇಗದಲ್ಲಿ ಕೊಯ್ದು ಭಾರ ಇಳಿಸಿದ. ಅಷ್ಟು ಮಾಡಿ ಯಂತ್ರ ನಿಲ್ಲಿಸಿದ. ಮತ್ತೆ ಕುಳಿತ.

ಹೊಸ ಸರಪಳಿ ಮೊದಲ ಓಟದಲ್ಲಿ ಹಿಗ್ಗುತ್ತದೆ. ಹಿಗ್ಗಿ ಸಡಿಲಾದದ್ದು ಓಡುವಾಗಲೇ ಪಟ್ಟಿಯಿಂದ ಹಾರುತ್ತದೆ. ಅದು ಹಾರಿದರೆ ತಾಗುವುದು ಅಕ್ಕನಿಗೆ. ಬಿಸಿಯಿರುವಾಗ ಬಿಗಿಮಾಡಿದರೆ ತಣಿದಾಗ ಕಚ್ಚಿಕೊಳ್ಳುತ್ತದೆ. ಅದು ತಣಿಯಲೆಂದು ಅವನು ಕಾಯಬೇಕಿತ್ತು.

ಜನರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಅಕ್ಕ ನರಳುತ್ತಿರುವುದು, ತಮ್ಮ ಕುಳಿತಿರುವುದು. ಕೆಲವರು ಬೈದರು. ವ್ಯಾಪಾರಿ ಮುಂದೆ ಬಂದು ಗರಗಸದ ಹಿಡಿಗೆ ಕೈ ಹಾಕಿ, “ನಿನ್ನಿಂದಾಗದಿದ್ದರೆ ಬಿಡು, ನಾನೇ ಕೊಯ್ಯುತ್ತೇನೆ” ಎಂದ.

ಆಗ ಎಲೆಗಳ ಅಡಿಯಿಂದ ಅಕ್ಕನ ದನಿ ಕೇಳಿಸಿತು.

“ಅವನನ್ನು ಬಿಡಿರಪ್ಪಾ. ಅವನ ಕೈ ನನಗೆ ಗೊತ್ತು.”

ವ್ಯಾಪಾರಿ ಹಿಡಿ ಬಿಟ್ಟ.

ತಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವನು ಕೈ ಎತ್ತಲಿಲ್ಲ. ಜೋತಿದ್ದ ಸರಪಳಿಯನ್ನು ಮುಟ್ಟಿ ನೋಡಿದ. ಅದು ತಣಿದಿತ್ತು. ಬಿಗಿಮಾಡಿದ, ಎಳೆದು ನೋಡಿದ. ಆಮೇಲೆ ಹೋಗಿ ದಪ್ಪ ಕೊಂಬೆಯ ಪಕ್ಕ ಮಂಡಿಯೂರಿದ. ಮೇಲಿನಿಂದ ಸ್ವಲ್ಪ ಕೊಯ್ದ. ಉಳಿದದ್ದನ್ನು ಕೆಳಗಿನಿಂದ ಕೊಯ್ದ. ಕೊಂಬೆ ಅಲುಗದೆ ಕಲ್ಲುಗಳ ಮೇಲೆ ನಿಂತಿತು. ರೈತ ಮತ್ತು ಉಳಿದವರು ಅದನ್ನು ಎತ್ತಿದರು. ಅಕ್ಕನನ್ನು ಹೊರಗೆ ತೆಗೆದರು.

ವ್ಯಾಪಾರಿ ತನ್ನ ಕಾರು ತಂದ. ಆದರೆ ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ದಾರಿಯೆಲ್ಲ ಮರ. ತಮ್ಮ ಗರಗಸ ಹಿಡಿದು ಕಾರಿನ ಮುಂದೆ ನಡೆದ. ಅಡ್ಡ ಬಿದ್ದ ಮರವನ್ನು ಅವನು ಕೊಯ್ದ, ಜನ ಉರುಳಿಸಿದರು, ಕಾರು ಮುಂದೆ ಸಾಗಿತು. ಮತ್ತೊಂದು ಮರ, ಮತ್ತೆ ಹಾಗೆಯೇ. ನಡುವೆ ಅವನು ಯಂತ್ರ ನಿಲ್ಲಿಸಿ ಸರಪಳಿ ತಣಿಯಲು ಕಾದ, ಬಿಗಿಮಾಡಿದ. ಈ ಸಲ ವ್ಯಾಪಾರಿಯೇ ಎಣ್ಣೆಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದ. ಪೇಟೆ ಮುಟ್ಟುವವರೆಗೆ ಆ ಗರಗಸ ಒಮ್ಮೆಯೂ ಕೈಕೊಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು, “ಜೀವಕ್ಕೆ ಭಯವಿಲ್ಲ, ಕಾಲೂ ಉಳಿಯುತ್ತದೆ” ಎಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ಗರಗಸವನ್ನು ತಮ್ಮ ಕೆಳಗಿಟ್ಟ. ಯಾರೋ ಕೊಟ್ಟ ನೀರಿನ ಲೋಟವನ್ನೂ ಅವನಿಂದ ಹಿಡಿಯಲಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು, ಎಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತ. ವ್ಯಾಪಾರಿ ಲೋಟವನ್ನು ತಾನೇ ಅವನ ತುಟಿಗೆ ಹಿಡಿದು ನೀರು ಕುಡಿಸಿದ.

ಅಕ್ಕ ಬದುಕಿದಳು. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿಯಿತು, ಅಷ್ಟೇ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಕೇಳಿದ: “ಅಕ್ಕ ಹಾಗೆ ನರಳುತ್ತಿದ್ದರೂ ಅವನಿಗೆ ಅವಸರವೇ ಆಗಲಿಲ್ಲವೇ, ಗುರುಗಳೇ?”

“ಅಷ್ಟು ಜನರಲ್ಲಿ ನಿಜವಾಗಿ ಅವಸರವಿದ್ದದ್ದು ಅವನೊಬ್ಬನಿಗೇ” ಎಂದರು ಗುರುಗಳು.

ನಿಜಗುಣ ಮತ್ತೆ ತನ್ನ ಪಾಠಕ್ಕೆ ಕುಳಿತ.